ಜಮಾದಾರ ಊರಿಗೆ ಬಂದ ವರ್ಷ

ನಮ್ಮ ಊರಿನ ಓಣಿಗಳು ದಿನಕ್ಕೆ ಎರಡು ಸಲ ಜಾಗ ಬದಲಿಸುತ್ತವೆ. ಬೆಳಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಒಮ್ಮೆ, ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಮ್ಮೆ. ಸದ್ದಾಗುವುದಿಲ್ಲ, ನೆಲ ನಡುಗುವುದಿಲ್ಲ. ಸಾರಿಗೆ ಒಗ್ಗರಣೆ ಹಾಕಿ ತಿರುಗಿ ನೋಡಿದರೆ, ಕಿಟಕಿಯಾಚೆ ಅಂಚೆ ಕಚೇರಿ ಇದ್ದ ಕಡೆ ಯಾರದೋ ಹಿತ್ತಲಿನ ನುಗ್ಗೆಮರ ನಿಂತಿರುತ್ತದೆ. ಅಷ್ಟೇ. ಓಣಿಗೆ ಓಣಿಯೇ, ಮನೆ, ಕಟ್ಟೆ, ನಲ್ಲಿ, ಮಲಗಿದ ನಾಯಿ ಸಮೇತ ಬೇರೆ ಕಡೆ ಹೋಗಿರುತ್ತದೆ. ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರು ಬೆಳಗಾಗೆದ್ದು ಎದುರುಬದುರು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಸಾಕಷ್ಟು ಸೇರಿದ ಮೇಲೆಯೇ ಶಾಲೆಯ ಗಂಟೆ ಹೊಡೆಯುತ್ತಾರೆ. ಚಹಾದಂಗಡಿಯವನಿಗೆ ದಿನವೂ ಹೊಸ ಗಿರಾಕಿಗಳು. ನಮ್ಮಲ್ಲಿ ಯಾರೂ ‘ಇಲ್ಲೇ ಹತ್ತಿರ’ ಎನ್ನುವುದಿಲ್ಲ.

ಇಂಥ ಊರಲ್ಲಿ ಬಾಳುವೆ ನಡೆಯುತ್ತಿದ್ದದ್ದು ನಮ್ಮ ಕತ್ತೆಗಳಿಂದ. ಗಿಡ್ಡ ಕತ್ತೆಗಳು, ಬೂದಿ ಬಣ್ಣ, ಮೂತಿ ಮಾತ್ರ ಬಿಳಿ. ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ, ಹೆಗಲ ಮೇಲೆ ಅದನ್ನು ಕತ್ತರಿಸುವ ಇನ್ನೊಂದು, ಕಾಲಿಗೆ ಬಳೆ ತೊಡಿಸಿದಂತೆ ಪಟ್ಟೆಗಳು. ಒಂದು ಸಲ ಹೊಸ್ತಿಲು ಮೂಸಿದರೆ ಸಾಕು, ಆ ಮನೆ ಊರಿನ ಯಾವ ಮೂಲೆಗೆ ಹೋಗಿ ಕುಳಿತರೂ ಕತ್ತೆ ಹುಡುಕಿಕೊಂಡು ಹೋಗುತ್ತದೆ. ಕಿವಿಯಲ್ಲಿ ಮನೆಯವರ ಹೆಸರು ಹೇಳಬೇಕು, ಹಿಂದೆ ನಡೆಯಬೇಕು. ನಾನು ಪಾರವ್ವ, ಊರಿನ ಸೂಲಗಿತ್ತಿ. ಬಸುರಿಯರ ನೋವು ಓಣಿಗಳಿಗಾಗಿ ಕಾಯುವುದಿಲ್ಲವಲ್ಲ. ನನ್ನ ಹೆಣ್ಣುಕತ್ತೆ ಸಂಪಿ ಇಲ್ಲದಿದ್ದರೆ ಈ ಊರಿನ ಅರ್ಧ ಮಕ್ಕಳು ನಾನು ಮುಟ್ಟುವ ಮೊದಲೇ ಹುಟ್ಟಿಬಿಡುತ್ತಿದ್ದವು. ನಾನು ಚೀಲ ಹೆಗಲಿಗೇರಿಸುವುದನ್ನು ಕಂಡರೆ ಸಾಕು, ಅವಳ ಕಿವಿ ನೆಟ್ಟಗಾಗುತ್ತಿತ್ತು. ಹೆಸರು ಪೂರ್ತಿ ಹೇಳುವುದರೊಳಗೆ ಹೊರಟೇಬಿಡುತ್ತಿದ್ದಳು.

ಈ ಕಥೆ ಶುರುವಾದದ್ದು ಶಾಲೆಯ ಮಕ್ಕಳು ಕಲ್ಲುಗಣಿಯ ಅಂಚಿಗೆ ಹೋಗಿ ನಿಂತ ದಿನ. ಗಣಿ ಊರ ಹೊರಗಿದೆ, ಅದು ಅಲ್ಲಾಡುವುದಿಲ್ಲ. ಮಕ್ಕಳನ್ನು ಮನೆ ಮುಟ್ಟಿಸುವ ಮುದಿಕತ್ತೆಗೆ ಕಾಲುನೋವು ಬಂದದ್ದರಿಂದ ಅವತ್ತು ಮುಗಿಲ್ಯಾ ಎಂಬ ಎಳೆಯ ಗಂಡುಕತ್ತೆಯನ್ನು ಕಳಿಸಿದ್ದರು. ಸಂಪಿಯ ಜೊತೆ ಹೆರಿಗೆ ಮುಗಿಸಿ ಬರುತ್ತಿದ್ದ ನಾನು ದೂರದಿಂದ ನೋಡುತ್ತೇನೆ, ಹಗ್ಗ ಹಿಡಿದು ಸಾಲಾಗಿ ಮಕ್ಕಳು, ಮುಂದೆ ಮುಗಿಲ್ಯಾ, ಅದರ ಮುಂದೆ ನಾಲ್ಕು ಆಳು ಆಳದ ಹೊಂಡ!

“ನಿಲ್ರೇ! ಯಾರೂ ಅಲ್ಲಾಡಬ್ಯಾಡ್ರಿ!” ಎಂದು ನಾನು ಕೂಗಿದ್ದೇ ಕೂಗಿದ್ದು. ಸಂಪಿ ನನ್ನನ್ನು ಬಿಟ್ಟು ಓಡಿದಳು. ಮುಗಿಲ್ಯಾನ ಮುಂದೆ ಅಡ್ಡ ನಿಂತು ಎದೆಯಿಂದ ಹಿಂದಕ್ಕೆ ತಳ್ಳಿದಳು. ಮಕ್ಕಳಿಗೆ ಅದೆಲ್ಲ ಆಟ, ಕೇಕೆ ಹಾಕಿ ನಕ್ಕವು. ನಾನು ಮುಗಿಲ್ಯಾನ ಮುಖ ನೋಡಿದೆ. ಪಾಪದ ಪ್ರಾಣಿ ನೆಲ ಮೂಸುತ್ತಿತ್ತು, ತಲೆ ಎತ್ತುತ್ತಿತ್ತು, ಮತ್ತೆ ಮೂಸುತ್ತಿತ್ತು. ಅದಕ್ಕೆ ದಾರಿ ಗೊತ್ತಿರಲಿಲ್ಲ. ನಮ್ಮ ಕತ್ತೆಯೊಂದು ದಾರಿ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಂಜೆ ಊರವರು ಸೇರಿದಾಗ ಒಬ್ಬೊಬ್ಬರೇ ಬಾಯಿ ಬಿಟ್ಟರು. ಹಿಂದಿನ ವರ್ಷ ಹುಟ್ಟಿದ ಮರಿಗೆ ಕೆಳದವಡೆ ಸೊಟ್ಟಗಿದ್ದು ಮೊಲೆ ಕುಡಿಯಲಾಗದೆ ಸತ್ತಿತ್ತು. ಇನ್ನೊಂದು ತನ್ನ ಕೊಟ್ಟಿಗೆಯನ್ನೇ ಹುಡುಕಲಾಗದೆ ಬೀದಿಯಲ್ಲಿ ನಿಂತು ಅರಚುತ್ತಿತ್ತು. ಕೆಲವು ಹೆಣ್ಣುಗಳಿಗೆ ಗಬ್ಬವೇ ನಿಲ್ಲುತ್ತಿರಲಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಮನೆಗೊಂದು ಇದ್ದ ಕತ್ತೆ ಈಗ ಓಣಿಗೊಂದೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಜೋರಾಗಿ ಹೇಳಿರಲಿಲ್ಲ.

ಊರಿನ ಅಧ್ಯಕ್ಷ ಶಿವಬಾಳಪ್ಪನವರ ಮೊಮ್ಮಗಳೂ ಆ ಹಗ್ಗ ಹಿಡಿದವರಲ್ಲಿ ಒಬ್ಬಳು. ಸುಮ್ಮನೆ ಕೂರುವ ಜೀವ ಅವರದಲ್ಲ. ವಾರ ಕಳೆಯುವುದರಲ್ಲಿ ಎಲ್ಲಿಂದಲೋ ಲಾರಿಯಲ್ಲಿ ಬಿಳಿ ಕತ್ತೆಗಳನ್ನು ತರಿಸಿದರು. ಎಂಥ ಚೆಲುವು! ಕುದುರೆಯಷ್ಟು ಎತ್ತರ, ಹಾಲಿನಂಥ ಮೈ. ಊರೆಲ್ಲ ಅರಿಶಿನ ಕುಂಕುಮ ಹಚ್ಚಿ ಕರೆದುಕೊಂಡಿತು. ಮರುದಿನ ಒಂದಕ್ಕೆ ಚಹಾದಂಗಡಿಯ ಹೆಸರು ಹೇಳಿ ಬಿಟ್ಟರು. ಅದು ಗತ್ತಿನಿಂದ ನಡೆದು ಓಣಿಯ ಹೊರಗಿನ ಬಯಲಿನಲ್ಲೇ ಒಂದು ಗೋಡೆಗೆ ಮುಖ ಮಾಡಿ ನಿಂತಿತು. ಮಧ್ಯಾಹ್ನ ಓಣಿಗಳು ಸರಿದಾಗ ಗೋಡೆಯೇ ಹೊರಟುಹೋಯಿತು, ಕತ್ತೆ ಮಾತ್ರ ನಿಂತಲ್ಲೇ ನಿಂತಿತ್ತು.

“ಇವು ದಾರಿ ಕಲೀಲಿಕ್ಕಿಲ್ಲ, ಆದ್ರ ಇವುಕ್ಕ ಹುಟ್ಟೋ ಮರಿ ಕಲೀತಾವ. ನಮ್ಮ ಹೆಣ್ಣಿಗೆ ಇವನ್ನ ಕೂಡಿಸೂಣು” ಎಂದರು ಶಿವಬಾಳಪ್ಪನವರು. ಅದಕ್ಕೆಂದೇ ಹೊರಗಿನಿಂದ ದನದ ಡಾಕ್ಟರನ್ನು ಕರೆಸಿದರು. ಹೀಗೆ ನಮ್ಮ ಊರಿಗೆ ಬಂದವರು ಡಾಕ್ಟರ್ ವಸುಮತಿ, ದಕ್ಷಿಣದ ಕಡೆಯವರು, ಮಾತು ಮೆತ್ತಗೆ, ನಡಿಗೆ ಬಿರುಸು. ಅವರು ಬಿಳಿ ಕತ್ತೆಗಳನ್ನು ಒಂದು ಸುತ್ತು ನೋಡಿದರು, ನಮ್ಮ ಕತ್ತೆಗಳನ್ನು ಎಷ್ಟೋ ಹೊತ್ತು ನೋಡಿದರು. ಪ್ರತಿಯೊಂದರ ಬಾಲದಿಂದ ಬುಡಸಹಿತ ಕೂದಲು ಕಿತ್ತು, ಚೂರು ರಕ್ತ ತೆಗೆದು, “ಪರೀಕ್ಷೆ ಮಾಡಿಸಿ ಬರ್ತೀನಿ. ಅಲ್ಲಿವರೆಗೂ ದಯವಿಟ್ಟು ಕೂಡಿಸಬೇಡಿ” ಎಂದು ಹೋದರು.

ಅವರು ತಿರುಗಿ ಬಂದ ದಿನ ಬೆಳಗ್ಗೆ ಬಸ್ಸಿಳಿದವರು ನನ್ನ ಮನೆ ಮುಟ್ಟಿದ್ದು ಸಂಜೆ. ಸೀರೆಯ ಅಂಚೆಲ್ಲ ಧೂಳು, ಕೈಯಲ್ಲಿ ಚಪ್ಪಲಿ, ಮುಖದಲ್ಲಿ ಮಾತ್ರ ಏನೋ ಹೊಳಪು. ನಮ್ಮ ಓಣಿಯ ಮಡಿವಾಳರ ಯಂಕವ್ವ ಆಗ ನನ್ನ ಮನೆಯಲ್ಲೇ ಇದ್ದಳು. ಜಾಣಿ ಎಂಬ ಹೆಣ್ಣುಕತ್ತೆ ಅವಳದು. ನೀರು ಕೊಡುವ ಮೊದಲೇ ಡಾಕ್ಟರು ಶುರುಮಾಡಿದರು.

“ಪಾರಕ್ಕ, ನಿಮ್ಮ ಊರಿನ ಕತ್ತೆಗಳಿಗೆಲ್ಲ ಒಂದೇ ಅಪ್ಪ!”

“ಅದು ಗೊತ್ತೈತ್ರಿ ನಮಗ. ದೊಡ್ಡಪ್ಪ ಅಂತ ಕರೀತೀವಿ ಅದಕ್ಕ” ಎಂದಳು ಯಂಕವ್ವ. ನಿಜವೇ. ಊರಿನಲ್ಲಿ ಉಳಿದಿದ್ದ ದೊಡ್ಡ ಗಂಡುಕತ್ತೆ ಅದೊಂದೇ.

“ಅಪ್ಪ ಮಾತ್ರ ಅಲ್ಲ. ಅಜ್ಜನೂ ಅದೇ, ಕೆಲವಕ್ಕೆ ಮುತ್ತಜ್ಜನೂ ಅದೇ. ರಕ್ತದಲ್ಲಿ ವೈವಿಧ್ಯವೇ ಉಳಿದಿಲ್ಲ. ಅದಕ್ಕೇ ದವಡೆ ಸೊಟ್ಟ, ಅದಕ್ಕೇ ಬಂಜೆತನ. ನಿಮ್ಮ ದಾರಿಯ ಗುಣವೂ ಹಾಗೇ ಸವೆದುಹೋಗ್ತಿದೆ.”

ಯಂಕವ್ವ ಗದ್ದಕ್ಕೆ ಕೈಯಿಟ್ಟಳು. “ಅಂದ್ರ ಹೆಪ್ಪು ಕೆಟ್ಟಂಗ ಅನ್ರಿ. ಮನಿಯಾಗಿನ ಮೊಸರಿಗೇ ಮತ್ತ ಮತ್ತ ಹೆಪ್ಪ ಹಾಕ್ಕೋತ ಹೋದ್ರ ಲೋಳಿ ಆಗ್ತೈತಲ್ಲ.”

“ಹೌದು ಯಂಕವ್ವ, ಹಾಗೇ!” ಡಾಕ್ಟರು ಎದ್ದು ನಿಂತೇಬಿಟ್ಟರು. “ಆವಾಗ ಏನು ಮಾಡ್ತೀರಿ?”

“ಬ್ಯಾರೆ ಮನಿಗೆ ಹೋಗಿ ಒಂದು ಚಮಚ ಮೊಸರು ತರ್ತೀವಿ.”

“ಮೊಸರೇ ತರ್ತೀರಿ ತಾನೆ? ಹಾಲಿಗೆ ನಿಂಬೆಹುಳಿ ಹಿಂಡಲ್ಲ. ಬಿಳಿ ಕತ್ತೆ ಕೂಡಿಸಿದರೆ ಹಾಲು ಒಡೀತದೆ. ಮರಿ ಎತ್ತರ ಬರಬಹುದು, ಚೆನ್ನಾಗಿ ಕಾಣಬಹುದು, ಆದರೆ ನಾಲ್ಕು ತಲೆಮಾರಿಗೆ ನಿಮ್ಮ ತಳಿಯೇ ಇರಲ್ಲ. ಇದೇ ತಳಿಯ, ಆದರೆ ದೊಡ್ಡಪ್ಪನ ಸಂಬಂಧ ಇಲ್ಲದ ಗಂಡು ಬೇಕು. ಎಲ್ಲಾದರೂ ಇದೆಯಾ?”

ಇದ್ದರೆ ಎಲ್ಲಿ? ಯಂಕವ್ವ ತನ್ನ ತಾಯಿ ಹೇಳುತ್ತಿದ್ದ ಮಾತೊಂದನ್ನು ನೆನಪು ಮಾಡಿಕೊಂಡಳು. ಹಿಂದೆ ಊರಿನಲ್ಲಿ ಉಪ್ಪಾರರ ಓಣಿಯಿತ್ತಂತೆ. ದಿನಾ ಜಾಗ ಬದಲಿಸಿ ಬೇಸತ್ತ ಅವರು ಒಂದು ಬೆಳಗ್ಗೆ ಕತ್ತೆಗಳ ಮೇಲೆ ಗಂಟುಮೂಟೆ ಹೇರಿಕೊಂಡು ಪಡುವಣದ ಉಪ್ಪಿನ ನೆಲದ ಕಡೆ ಹೊರಟುಹೋದರಂತೆ.

“ಕತ್ತಿ ಹೊಡ್ಕೊಂಡು ಹೋದ್ರು ಅಂತಿದ್ಲು ನಮ್ಮವ್ವ. ಹೋದಾವ ಅಂದಮ್ಯಾಲ ಎಲ್ಲ್ಯರ ಇರಬೇಕಲ್ಲ!”

ಶಿವಬಾಳಪ್ಪನವರು ಕೇಳಿ ತಲೆ ಅಲ್ಲಾಡಿಸಿದರು. ಅವರು ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. “ಮುಂದಿನ ಅಮಾಸಿ ತನಕ ಕಾಯ್ತೇನಿ ಪಾರವ್ವ. ಅಷ್ಟರಾಗ ನಿಮ್ಮ ಗಂಡು ಬರಲಿಲ್ಲಂದ್ರ ನಾ ಬಿಳಿ ಕತ್ತಿ ಬಿಡಾಂವನ. ಇನ್ನೊಮ್ಮೆ ಹುಡುಗೂರು ಗಣಿ ದಂಡಿಗೆ ಹೋಗಿ ನಿಲ್ಲೂದು ನನ್ನ ಕಡಿಂದ ನೋಡಾಕ ಆಗೂದಿಲ್ಲ.”

ಡಾಕ್ಟರು, ನಾನು, ಸಂಪಿ ಮರುದಿನವೇ ಹೊರಟೆವು. ಊರು ದಾಟಿದ ಮೇಲೆ ನನಗೆ ಆಶ್ಚರ್ಯವೋ ಆಶ್ಚರ್ಯ. ಒಂದು ಹಳ್ಳಿಯಲ್ಲಿ ಉಳಿದುಕೊಂಡೆವು. ಬೆಳಗ್ಗೆ ಎದ್ದರೆ ಎದುರಿಗಿದ್ದ ಗಿರಣಿ ಎದುರಿಗೇ ಇತ್ತು! ನಾನು ಬಾಗಿಲಲ್ಲಿ ನಿಂತು ನೋಡಿದ್ದೇ ನೋಡಿದ್ದು. “ಇವ್ರಿಗೆ ಬ್ಯಾಸರ ಬರೂದಿಲ್ಲೇನ್ರಿ?” ಎಂದು ಕೇಳಿದರೆ ಡಾಕ್ಟರು ನಗುವುದಕ್ಕೆ ಶುರುಮಾಡಿದವರು ಬಹಳ ದೂರದವರೆಗೆ ನಗುತ್ತಲೇ ಬಂದರು. ಸಂಪಿಗೆ ಮಾತ್ರ ಅಲ್ಲಾಡದ ನೆಲ ಹಿಡಿಸಲಿಲ್ಲ. ತಲೆ ತಗ್ಗಿಸಿ, ಕೆಲಸವಿಲ್ಲದವಳಂತೆ ನಡೆಯುತ್ತಿದ್ದಳು.

ಉಪ್ಪಿನ ನೆಲ ಕಾಣಿಸಿದಾಗ ಬಿಸಿಲಿಗೆ ಕಣ್ಣು ಬಿಡಲಾಗಲಿಲ್ಲ. ಮಡಿ ಮಡಿಯಾಗಿ ನೀರು ಕಟ್ಟಿ ಒಣಗಿಸಿದ ಬಯಲು, ರಾಶಿ ರಾಶಿ ಉಪ್ಪು, ಮರದ ಹೆಸರಿಗೆ ಜಾಲಿ. ಕತ್ತೆಯ ಸುಳಿವಿಲ್ಲ. ಉಪ್ಪು ಕೆರೆಯುತ್ತಿದ್ದ ಇಬ್ಬರನ್ನು ಕೇಳಿದೆವು, ಈಗೆಲ್ಲ ಟ್ರ್ಯಾಕ್ಟರ್ ಬಂದಿದೆ ಎಂದರು. ಅಷ್ಟರಲ್ಲಿ ಸಂಪಿ ನಿಂತಳು. ಕಿವಿ ಎರಡೂ ನೆಟ್ಟಗೆ. ಮೂಗಿನ ಹೊಳ್ಳೆ ಅರಳಿಸಿ ಗಾಳಿ ಎಳೆದುಕೊಂಡಳು. ಆಮೇಲೆ ಕತ್ತು ಚಾಚಿ, ಜನ್ಮದಲ್ಲಿ ನಾನು ಕೇಳಿರದಂಥ ದೊಡ್ಡ ದನಿಯಲ್ಲಿ ಅರಚಿದಳು. ಬಯಲಿನಾಚೆಯಿಂದ ಉತ್ತರ ಬಂತು. ಒಂದಲ್ಲ, ನಾಲ್ಕಾರು ದನಿಗಳು, ಅವೆಲ್ಲವನ್ನೂ ಮುಳುಗಿಸುವ ಒಂದು ಗಂಡುದನಿ!

ಹಗ್ಗ ನನ್ನ ಕೈಯಿಂದ ಜಾರಿತು. ಸಂಪಿ ಓಡಿದಳು, ನಾನು ಓಡಿದೆ, ಡಾಕ್ಟರು ಚೀಲ ಎತ್ತಿಕೊಂಡು ನನ್ನನ್ನೂ ದಾಟಿ ಓಡಿದರು. ಒಂದು ದಿಬ್ಬದ ಹಿಂದೆ ಅವು ನಿಂತಿದ್ದವು. ಅದೇ ಬೂದಿ ಬಣ್ಣ, ಅದೇ ಹೆಗಲ ಮೇಲಿನ ಕಪ್ಪು ಗೆರೆ, ಕಾಲಿಗೆ ಅದೇ ಬಳೆ. ನಡುವೆ ಒಂದು ಗಂಡು, ಎದೆಯಗಲ, ಒಂದು ಕಿವಿಯ ತುದಿ ಹರಿದದ್ದು. ಡಾಕ್ಟರು ಮೊಣಕಾಲೂರಿ ಕುಳಿತುಬಿಟ್ಟರು. “ಪಾರಕ್ಕ, ಇದಾವೆ… ಇದಾವೆ!” ಎಂದು ಅಷ್ಟನ್ನೇ ಹೇಳುತ್ತಿದ್ದರು.

“ಯಾರ್ ನೀವು? ನನ್ನ ಜಮಾದಾರನ್ನ ಯಾಕ ಹಂಗ ನೋಡಾಕತ್ತೀರಿ?” ಹಿಂದಿನಿಂದ ಕೋಲೂರಿಕೊಂಡು ಒಬ್ಬ ಮುದುಕಿ ಬಂದಳು. ಉಪ್ಪಿನ ಬಿಸಿಲಿಗೆ ಕಪ್ಪಿಟ್ಟ ಮುಖ, ತಲೆ ಮಾತ್ರ ಹತ್ತಿಯಂತೆ. ಅವಳ ಹೆಸರು ಭಾಗೀರತವ್ವ. ಎಲ್ಲರೂ ಟ್ರ್ಯಾಕ್ಟರ್ ಹಿಡಿದಾಗಲೂ ಕತ್ತೆಗಳನ್ನು ಬಿಡದವಳು. ನಾವು ಬಂದ ಕಾರಣ ಹೇಳಿದೆವು. ಅವಳು ಸಂಪಿಯ ಸುತ್ತ ತಿರುಗಿದಳು, ಹೆಗಲ ಗೆರೆಯ ಮೇಲೆ ಬೆರಳಾಡಿಸಿದಳು, ಕಣ್ಣಿಗೆ ಸೆರಗು ಒತ್ತಿಕೊಂಡಳು.

“ನಮ್ಮ ಊರಿನ ಕತ್ತಿ… ನಮ್ಮಜ್ಜ ಹೇಳೂದು ಸುಳ್ಳಲ್ಲ ಹಂಗಾರ.”

“ಆಯೀ, ಒಂದು ಗಂಡು ಕೊಡ್ರಿ ನಮಗ. ಮಗುವಿನಂಗ ನೋಡ್ಕೋತೀವಿ” ಎಂದೆ ನಾನು.

“ಕೊಡಾಕ ನನ್ನ ತಕರಾರೇನೂ ಇಲ್ಲವ್ವ. ಆದ್ರ ನನ್ನ ಕಷ್ಟ ಯಾರಿಗೆ ಹೇಳ್ಲಿ? ನನ್ನ ಕಡೆ ಗಂಡು ಮೂರು ಅದಾವ, ಹೆಣ್ಣು ಅನ್ನೂವು ಎರಡ ಉಳದಾವ, ಎರಡಕ್ಕೂ ವಯಸ್ಸಾತು. ನೀ ಗಂಡು ಒಯ್ದು ನಿನ್ನ ಊರು ಉಳಿಸ್ಕೋತಿ. ನನ್ನ ಹಟ್ಟಿ ನನ್ನ ಜೋಡೀನ ಮುಗೀತೈತಿ.” ಮುದುಕಿ ಸಂಪಿಯ ಕತ್ತಿಗೆ ಕೈ ಹಾಕಿದಳು. “ಜಮಾದಾರನ್ನ ಒಯ್ಯಿ ತಂಗಿ. ಇಕೀನ್ನ ಬಿಟ್ಟು ಹೋಗು.”

ನಾನು ಡಾಕ್ಟರ ಮುಖ ನೋಡಿದೆ. ಅವರು ಮೆಲ್ಲಗೆ ಅಂದರು: “ಅವರು ಕೇಳ್ತಿರೋದು ನ್ಯಾಯ ಪಾರಕ್ಕ. ಎರಡು ಕಡೆ ಹಟ್ಟಿ ಇದ್ದರೇನೇ ತಳಿ ಉಳಿಯೋದು. ಆದರೆ ಸಂಪಿ ನಿಮ್ಮವಳು. ನಾನು ಹೇಳಲಾರೆ.”

ನಾನು ಸಂಪಿಯ ಪಕ್ಕ ಹೋಗಿ ನಿಂತೆ. ಎಷ್ಟು ಬಾಗಿಲುಗಳಿಗೆ ಅವಳು ನನ್ನನ್ನು ಮುಟ್ಟಿಸಿದ್ದಳು! ನನ್ನ ಗಂಡ ತೀರಿಕೊಂಡ ವರ್ಷ ಮನೆಯಲ್ಲಿ ನಾನು ಮಾತಾಡುತ್ತಿದ್ದದ್ದು ಅವಳೊಬ್ಬಳ ಹತ್ತಿರವೇ. ಅವಳು ನನ್ನ ಕಡೆ ನೋಡಲಿಲ್ಲ. ಬೇಲಿಯಾಚೆಯ ಮುದಿ ಹೆಣ್ಣುಕತ್ತೆಯ ಕುತ್ತಿಗೆಯನ್ನು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು, ಅದು ಇವಳ ಕುತ್ತಿಗೆಯನ್ನು ಕೆರೆಯುತ್ತಿತ್ತು. ದೊಡ್ಡಪ್ಪನಿಗೆ ಕೂಡಿಸಿದಾಗ ಸಂಪಿ ಎರಡು ಸಲವೂ ದಿನ ತುಂಬುವ ಮೊದಲೇ ಕಂದು ಹಾಕಿದ್ದಳು. ಇಲ್ಲಿ ಅವಳಿಗೆ ಮರಿ ಆದೀತು ಎಂಬ ಯೋಚನೆ ಬಂದದ್ದೇ ಅವಳ ಬೆನ್ನಿನ ಗೆರೆ ಸವರಿದೆ. “ಇರ್ಲಿ ಆಯೀ” ಎಂದೆ. “ಇಕಿಗೆ ನುಚ್ಚು ಅಂದ್ರ ಪ್ರಾಣ. ಚಳಿಗಾಲದಾಗ ಕಾಲಿಗೆ ಎಣ್ಣಿ ತಿಕ್ಕ್ರಿ.” ಅಷ್ಟು ಹೇಳಿ ಜಮಾದಾರನ ಹಗ್ಗ ಹಿಡಿದೆ.

ಅಮಾವಾಸ್ಯೆಗೆ ಮುಂಚೆಯೇ ಊರು ಮುಟ್ಟಿದೆವು. ಊರ ಬಾಗಿಲಲ್ಲಿ ಜನ ಸೇರಿದ್ದರು. ಯಂಕವ್ವ ತನ್ನ ಜಾಣಿಯನ್ನು ಮುಂದೆ ಬಿಟ್ಟಳು, ಹಿಂದೆ ಜಮಾದಾರ. ಮನೆಮನೆಯ ಮುಂದೆ ಹೆಂಗಸರು ಹೊಸ್ತಿಲು ತೊಳೆದು ಕಾದಿದ್ದರು. “ನಮ್ಮದೂ ಮೂಸಸ್ರೀ!” “ಬಾರಪಾ ಜಮಾದಾರಾ, ಇದು ಕಂಬಾರರ ಮನಿ, ಮರೀಬ್ಯಾಡ ಮತ್ತ!” ಒಂದು ಕಡೆ ಬೆಲ್ಲ, ಒಂದು ಕಡೆ ಕಡಲೆ. ಜಮಾದಾರ ದಣಿವಾದರೂ ಒಂದು ಹೊಸ್ತಿಲನ್ನೂ ಬಿಡಲಿಲ್ಲ. ಮರುದಿನ ಬೆಳಗ್ಗೆ ಓಣಿಗಳೆಲ್ಲ ಕಲಸಿಹೋದ ಮೇಲೆ ನಾನೇ ಅವನ ಹರಿದ ಕಿವಿಯಲ್ಲಿ, “ಕಂಬಾರರ ಮನಿ” ಎಂದೆ. ಅವನು ನೆಲ ಮೂಸಿದ. ಎಡಕ್ಕೆ ಹೊರಟವನು ನಿಂತು ಬಲಕ್ಕೆ ತಿರುಗಿದ, ಎರಡು ಓಣಿ ದಾಟಿದ, ಕುಲುಮೆಯ ಮುಂದೆ ಹೋಗಿ ನಿಂತು ಅರಚಿದ. ಕಂಬಾರ ಸುತ್ತಿಗೆ ಬಿಸಾಕಿ ಹೊರಗೆ ಓಡಿಬಂದ. ನಾನು ಅತ್ತುಬಿಟ್ಟೆ ಅಂತ ಕಾಣುತ್ತದೆ, ಯಂಕವ್ವ ನನ್ನ ಬೆನ್ನಿಗೆ ಗುದ್ದುತ್ತ ನಗುತ್ತಿದ್ದಳು.

ಶಿವಬಾಳಪ್ಪನವರು ಮಾತ್ರ ನಗಲಿಲ್ಲ. “ಇದಕ್ಕ ದಾರಿ ಗೊತ್ತೈತಿ, ಖರೆ. ಮರಿಗೆ ಗೊತ್ತಿರಬೇಕಲ್ಲ. ನೋಡೂಣು” ಎಂದರು. ಆದರೂ ಬಿಳಿ ಕತ್ತೆಗಳನ್ನು ಕಟ್ಟಿಹಾಕಿಸಿದರು. ಅಷ್ಟು ಸಾಕಿತ್ತು.

ಜಾಣಿಗೆ ಮಾತ್ರ ಜಮಾದಾರ ಹಿಡಿಸಲಿಲ್ಲ. ಅವನು ಹತ್ತಿರ ಬಂದರೆ ಹಿಂಗಾಲು ಝಾಡಿಸುತ್ತಿದ್ದಳು. ಒಂದು ಒದೆ ತಪ್ಪಿ ಡಾಕ್ಟರ ಬಕೆಟ್ಟು ಅಟ್ಟಕ್ಕೆ ಹಾರಿತು. ನಾವು ಹೆಂಗಸರು ದಿನವೂ ಕೊಟ್ಟಿಗೆಯ ಗೋಡೆಯ ಮೇಲೆ ಸಾಲಾಗಿ ಕುಳಿತು ನೋಡುತ್ತಿದ್ದೆವು, ಸಂಬಂಧ ಕೂಡಿಬರಲಿ ಎಂದು ಕಾಯುವ ಬೀಗರ ಹಾಗೆ. ಕೊನೆಗೊಂದು ದಿನ ಜಾಣಿ ಅವನ ಮುಂದೆ ಕತ್ತು ಚಾಚಿ, ಬಾಯಿ ಪಟಪಟ ಬಡಿಯುತ್ತ ನಿಂತಳು. ಬೆದೆಗೆ ಬಂದ ಹೆಣ್ಣುಕತ್ತೆ ಹಾಗೇ ಮಾಡುವುದು. “ಒಪ್ಪಿದ್ಲು!” ಎಂದು ಯಂಕವ್ವ ಗೋಡೆಯಿಂದ ಧುಮುಕಿದಳು. ಆಮೇಲೆ ಉಳಿದ ಹೆಣ್ಣುಗಳೂ ಒಂದೊಂದಾಗಿ ಒಪ್ಪಿದವು. ದೊಡ್ಡಪ್ಪನಿಗೆ ಬೇರೆ ಕೊಟ್ಟಿಗೆ ಕೊಟ್ಟು ಮುಸುರೆ ಹಾಕಿ ಗೌರವದಿಂದ ನೋಡಿಕೊಂಡೆವು.

ಗಬ್ಬ ನಿಂತ ಕತ್ತೆ ಮರಿ ಹಾಕುವುದಕ್ಕೆ ಹೆಚ್ಚುಕಡಿಮೆ ವರ್ಷವೇ ಬೇಕು. ಆ ವರ್ಷದ ನಡುವೆ ಒಮ್ಮೆ ನಾನು ಉಪ್ಪಿನ ನೆಲಕ್ಕೆ ಹೋಗಿ ಬಂದೆ. ಸಂಪಿಯ ಹೊಟ್ಟೆ ಉಬ್ಬಿತ್ತು. ನಾನು ಕರೆದರೆ ತಲೆಯೆತ್ತಿ ನೋಡಿದಳು, ನಾಲ್ಕು ಹೆಜ್ಜೆ ಬಂದು ನನ್ನ ಅಂಗೈ ಮೂಸಿದಳು, ತಿರುಗಿ ತನ್ನ ಹಟ್ಟಿಯ ಕಡೆ ನಡೆದಳು. ಇಷ್ಟು ಬೇಗ ಮರೆತಳೇ ಎಂದು ಮುನಿಸಾಯಿತು. ಭಾಗೀರತವ್ವ ಕೊಟ್ಟ ಅಂಬಲಿ ಕುಡಿಯುವಷ್ಟರಲ್ಲಿ ಅದು ಹೋಗಿ, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತಾಯಿಯ ಹಿಗ್ಗು ತುಂಬಿಕೊಂಡಿತು.

ಜಾಣಿಗೆ ನೋವು ಬಂದದ್ದು ಒಂದು ಬೆಳಗ್ಗೆ. ಡಾಕ್ಟರು ಹಿಂದಿನ ದಿನವೇ ಬಂದು ಯಂಕವ್ವನ ಮನೆಯಲ್ಲಿದ್ದರು. ಮರಿಯ ಒಂದು ಮುಂಗಾಲು ಒಳಗೆ ಮಡಚಿತ್ತು. “ನನ್ನ ಕೈ ದಪ್ಪ ಆಗ್ತಿದೆ, ಪಾರಕ್ಕ, ನೀವು ಹಾಕಿ. ನಾನು ಹೇಳ್ತಾ ಹೋಗ್ತೀನಿ” ಎಂದರು. ಮಕ್ಕಳನ್ನು ಬರಮಾಡಿಕೊಂಡ ಕೈ ನನ್ನದು, ಎಣ್ಣೆ ಸವರಿ ಒಳಗಿಟ್ಟೆ. “ಗೊರಸು ಸಿಕ್ತಾ? ಅಂಗೈಯಿಂದ ಮುಚ್ಚಿ, ಒಳಗೆ ಗಾಯ ಆಗಬಾರದು. ಈಗ ಮೆಲ್ಲಗೆ ನಿಮ್ಮ ಕಡೆ.” ಅವರು ಹೇಳಿದಂತೆ ಮಾಡಿದೆ. ಕಾಲು ನೆಟ್ಟಗಾಯಿತು. ಜಾಣಿ ಒಮ್ಮೆ ತಿಣುಕಿದಳು, ಮರಿ ನನ್ನ ಮಡಿಲಿಗೇ ಜಾರಿತು, ಒದ್ದೆ, ಬಿಸಿ, ಬರೀ ಕಿವಿ ಮತ್ತು ಕಾಲು! ಹೆಣ್ಣುಮರಿ. ಡಾಕ್ಟರು ಮೊದಲು ಬಾಯಿ ತೆರೆದು ದವಡೆ ನೋಡಿದರು. ನೆಟ್ಟಗಿತ್ತು. ಮೈಯೊರಸಿದ ಮೇಲೆ ಹೆಗಲ ಮೇಲೆ ಕಪ್ಪು ಗೆರೆ ಎದ್ದು ಕಂಡಿತು. ಉಪ್ಪಿನ ನೆಲದ ನೆನಪಿಗೆ ಅದಕ್ಕೆ ಲವಣಿ ಎಂದು ಹೆಸರಿಟ್ಟೆವು.

ನಮ್ಮಲ್ಲಿ ಮರಿಗೆ ಮೂರು ತಿಂಗಳಾದಾಗ ಪರೀಕ್ಷೆ. ಹೊಸ್ತಿಲುಗಳನ್ನೆಲ್ಲ ಮೂಸಿಸಿದ ಮೇಲೆ, ಬೆಳಗ್ಗೆ ಊರ ಹೊರಗೆ ಒಂಟಿಯಾಗಿ ಬಿಡುತ್ತಾರೆ. ಮಧ್ಯಾಹ್ನದೊಳಗೆ ತಾಯಿಯ ಕೊಟ್ಟಿಗೆ ಮುಟ್ಟಬೇಕು. ಬೇರೆ ಕತ್ತೆಗಳ ಸುಳಿವು ಸಿಗಬಾರದೆಂದು ಎಲ್ಲವನ್ನೂ ಅವತ್ತು ಒಳಗೆ ಕಟ್ಟಿ ಬಾಗಿಲು ಹಾಕುತ್ತಾರೆ. ಈ ವರ್ಷ ದೊಡ್ಡಪ್ಪನಿಗೆ ಹುಟ್ಟಿದ ಮೂರು ಮರಿಗಳೂ ಸೋತಿದ್ದವು. ಲವಣಿಯ ದಿನ ಊರಿಗೆ ಊರೇ ಬೆಳಕು ಹರಿಯುತ್ತಿದ್ದಂತೆ ಊರ ಬಾಗಿಲಿನ ಮಾಳಿಗೆಗಳ ಮೇಲೇರಿತು. ನಾನು, ಡಾಕ್ಟರು, ಶಿವಬಾಳಪ್ಪನವರು ಒಂದೇ ಮಾಳಿಗೆ. ಯಂಕವ್ವ ಮಾತ್ರ ಮನೆಯಲ್ಲೇ ಜಾಣಿಯ ಪಕ್ಕ ಕುಳಿತಿದ್ದಳು.

ನಾನು ಕೆಳಗಿಳಿದು ಲವಣಿಯ ಕಿವಿಯಲ್ಲಿ, “ಯಂಕವ್ವನ ಮನಿ” ಎಂದು ಹೇಳಿ ಬಿಟ್ಟು ಬಂದೆ. ಅದು ಬಾಲ ಎತ್ತಿ ಕುಣಿದು ಒಂದು ಓಣಿಗೆ ನುಗ್ಗಿತು. ಜನ ಹೋ ಎಂದರು. ನಡುವೆ ಒಂದು ಕೋಳಿ ಸಿಕ್ಕಿತು. ಲವಣಿ ಕೋಳಿಯ ಹಿಂದೆ ಬಿತ್ತು. ಕೋಳಿ ತಿಪ್ಪೆಗೆ, ಇದೂ ತಿಪ್ಪೆಗೆ. ಕೋಳಿ ಗೋಡೆಗೆ, ಇದು ಗೋಡೆಗೆ ಮುಂಗಾಲು ಕೊಟ್ಟು ನಿಂತಿತು. ಆಮೇಲೆ ಧೂಳಿನಲ್ಲಿ ಬಿದ್ದು ಹೊರಳಾಡಿತು. ಯಾರದೋ ಮಜ್ಜಿಗೆ ಮೆಣಸಿನಕಾಯಿಯ ತಟ್ಟೆ ಮೂಸಿ ಸೀನಿತು. ಹೊತ್ತು ಏರುತ್ತಿತ್ತು. ಶಿವಬಾಳಪ್ಪನವರು ಹಣೆ ಒರೆಸಿಕೊಳ್ಳುತ್ತ, “ಇನ್ನ ಮುಗೀತು ಪಾರವ್ವ” ಎಂದರು. ದನಿಯಲ್ಲಿ ಗೆಲುವಿರಲಿಲ್ಲ, ಅಳು ಇತ್ತು.

ಅಷ್ಟರಲ್ಲಿ ಓಣಿಗಳು ಸರಿದವು. ನಾವು ರೆಪ್ಪೆ ಬಡಿದು ತೆಗೆಯುವುದರೊಳಗೆ ಲವಣಿ ನಿಂತಿದ್ದ ಓಣಿ ಕಣ್ಣೆದುರಿನಿಂದ ಹೋಯಿತು. ಅದರ ಜಾಗದಲ್ಲಿ ಅಕ್ಕಸಾಲಿಗರ ಓಣಿ ಬಂದು ಕುಳಿತಿತ್ತು. ನಮ್ಮ ಮಾಳಿಗೆಯೂ ಎಲ್ಲಿಗೋ ಬಂದಿತ್ತು. ಹಿಂದೆ ಯಾವ ಮರಿಯೂ ಓಣಿ ಸರಿದ ಮೇಲೆ ದಾರಿ ಹುಡುಕಿರಲಿಲ್ಲ, ಹುಡುಕಿದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಇನ್ನಿಲ್ಲ. ಡಾಕ್ಟರು ನನ್ನ ರಟ್ಟೆ ಹಿಡಿದಿದ್ದರು, ಅವರ ಉಗುರು ಊರಿದ್ದು ನನಗೆ ಗೊತ್ತಾದದ್ದು ಮರುದಿನ.

“ಅಕಾ ಅಲ್ಲಿ!” ಯಾರೋ ಕೂಗಿದರು. ದೂರದ ಒಂದು ಚೌಕದಲ್ಲಿ ಲವಣಿ ಒಂಟಿಯಾಗಿ ನಿಂತಿತ್ತು. ಆಟ ಮರೆತಿತ್ತು. ತಲೆ ತಗ್ಗಿಸಿ ನೆಲ ಮೂಸಿತು. ತಲೆಯೆತ್ತಿತು, ಮತ್ತೆ ಮೂಸಿತು. ಮುಗಿಲ್ಯಾ ಮಾಡಿದ್ದೂ ಹೀಗೇ. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮರಿ ಓಡುತ್ತಿತ್ತು. ಕೋಳಿಯ ಹಿಂದೆ ಓಡಿದ ಓಟವಲ್ಲ ಅದು. ಕತ್ತು ನೇರ, ಕಿವಿ ಮುಂದಕ್ಕೆ. ನಾವೆಲ್ಲ ಮುಂದೆ ದಾರಿಯಿಲ್ಲ ಅಂದುಕೊಂಡಿದ್ದ ಸಂದಿಗೆ ನುಗ್ಗಿ ಕಾಣೆಯಾಯಿತು. ಆಮೇಲೆ ಊರಿನ ಆಚೆ ತುದಿಯಿಂದ ಯಂಕವ್ವನ ದನಿ ಬಂತು, ಬಟ್ಟೆ ಒಗೆಯುವ ಬಂಡೆಯ ಮೇಲೆ ನಿಂತು ಕೂಗುವ ದನಿ:

“ಬಂತೋ! ನಮ್ಮ ಕೂಸು ಮನಿಗಿ ಬಂತೋ!”

ಆ ಗದ್ದಲ ನಾನು ಏನು ಹೇಳಲಿ! ಗಂಡಸರು ಪಟಕ ಗಾಳಿಗೆ ತೂರಿದರು. ಡಾಕ್ಟರೂ ನಾನೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಮಾಳಿಗೆಯ ಮೇಲೆ ಗಿರಗಿರ ತಿರುಗಿದೆವು. ಶಿವಬಾಳಪ್ಪನವರು ತಮ್ಮ ಮೊಮ್ಮಗಳನ್ನು ಹೆಗಲಿಗೇರಿಸಿಕೊಂಡು, “ನನ್ನ ಮಾತು ಸುಳ್ಳಾತು! ಸುಳ್ಳಾತು ನೋಡವ್ವಾ!” ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ಎಲ್ಲರೂ ಧಡಧಡ ಕೆಳಗಿಳಿದೆವು. ಬೀದಿಗೆ ಬಂದ ಮೇಲೆ ನಿಂತುಬಿಟ್ಟೆವು. ಓಣಿಗಳು ಸರಿದಿದ್ದವು. ಕತ್ತೆಗಳನ್ನೆಲ್ಲ ಮನೆಗಳ ಒಳಗೆ ಕಟ್ಟಿಹಾಕಿದ್ದೆವು. ಇಡೀ ಊರಿನಲ್ಲಿ ಒಬ್ಬರಿಗೂ ತಮ್ಮ ಮನೆ ಎಲ್ಲಿದೆಯೆಂದು ಗೊತ್ತಿರಲಿಲ್ಲ!

ಮೊದಲು ಯಾರು ನಕ್ಕರೋ, ನಗು ಒಲೆಯ ಮೇಲಿನ ಹಾಲಿನಂತೆ ಉಕ್ಕಿತು. ನಗುತ್ತ ನಿಂತಿದ್ದಾಗಲೇ ಸಂದಿಯಿಂದ ಲವಣಿ ಬಂತು. ತಾಯಿಯ ಹಾಲು ಕುಡಿದು ಬಂದಿತ್ತು, ಮೂತಿಗೆ ನೊರೆ ಅಂಟಿತ್ತು. ಕಂಬಾರ ಬಗ್ಗಿ ಅದರ ಕಿವಿಯಲ್ಲಿ ತನ್ನ ಮನೆಯ ಹೆಸರು ಹೇಳಿದ. ಅದು ಹೊರಟಿತು. ಅವನನ್ನು ಮುಟ್ಟಿಸಿ ತಿರುಗಿ ಬಂತು. ಇನ್ನೊಬ್ಬಳು ಹೇಳಿದಳು, ಅವಳನ್ನೂ ಮುಟ್ಟಿಸಿತು. ದೂರದ ಓಣಿಗಳಿಂದ ಒಂದೊಂದೇ ಬಾಗಿಲು ತೆರೆದ ಸದ್ದು, ಕೂಗಿ ಹೇಳುವ ಸದ್ದು ಬರುತ್ತಿತ್ತು.

“ಇದೊಂದೇ ಸಾಲದು ಪಾರಕ್ಕ” ಎಂದರು ಡಾಕ್ಟರು, ಕಣ್ಣೊರೆಸಿಕೊಳ್ಳುತ್ತ. “ಮುಂದಿನ ಸಲ ಆಯಿಯ ಇನ್ನೊಂದು ಗಂಡು ತರಬೇಕು. ನಮ್ಮ ಕಡೆಯಿಂದ ಇನ್ನೊಂದು ಹೆಣ್ಣು ಕೊಡಬೇಕು. ಪ್ರತಿ ವರ್ಷ.”

“ಕೊಡೂಣ್ರಿ” ಎಂದವರು ಶಿವಬಾಳಪ್ಪನವರು. “ನಾನೂ ಬರ್ತೇನಿ.”

ಅಷ್ಟರಲ್ಲಿ ಮೂರನೆಯ ಮನೆಯಿಂದಲೋ ನಾಲ್ಕನೆಯದರಿಂದಲೋ ತಿರುಗಿ ಬಂದ ಲವಣಿ, ನಮ್ಮ ಮುಂದೆ ನಿಂತು ಒಂದು ದೊಡ್ಡ ಆಕಳಿಕೆ ತೆಗೆಯಿತು. ಮುಂಗಾಲು ಮಡಚಿತು, ಹಿಂಗಾಲು ಮಡಚಿತು, ನಡುಬೀದಿಯಲ್ಲಿ ಮಲಗಿ ಕಣ್ಣು ಮುಚ್ಚಿತು. ಅಧ್ಯಕ್ಷರು ತಮ್ಮ ಟವೆಲ್ಲು ತೆಗೆದು ಬಿಸಿಲು ಬೀಳದಂತೆ ಅದರ ಮುಖಕ್ಕೆ ನೆರಳು ಹಿಡಿದು ಕುಳಿತರು. ಚಹಾದಂಗಡಿಯವನು ತಾನಿದ್ದಲ್ಲೇ ಒಲೆ ಹೊತ್ತಿಸಿದ. ಉಳಿದ ಊರೆಲ್ಲ ನೆಲಕ್ಕೆ ಕುಳಿತು, ಮಕ್ಕಳ ಬಾಯಿಗೆ ಬೆರಳಿಟ್ಟು, ಆ ಮರಿ ಏಳುವುದನ್ನೇ ಕಾಯತೊಡಗಿತು.